ಮಾತ್ರೆಯ ಹೆಸರಿಗೂ ಒಂದು ಪ್ರಸ್ತಾರ

ನಮ್ಮ ಹೆಸರುಗಳನ್ನು ಓದಲು ಅಮೆರಿಕನ್ನರು ಪಡುವ ಪಾಡು ನಮಗೆಲ್ಲ ಗೊತ್ತೇ ಇದೆ. ಶಾಲೆಯ ಹಾಜರಿ ಪಟ್ಟಿಯಲ್ಲೋ, ಡಾಕ್ಟರ ಆಫೀಸಿನಲ್ಲೋ ‘ಲಕ್ಷ್ಮೀನರಸಿಂಹಮೂರ್ತಿ’ ಎಂಬ ಹೆಸರು ಎದುರಾದರೆ ಅವರು ಒಂದು ಕ್ಷಣ ತಡವರಿಸಿ, ಕೊನೆಗೆ ‘ಮಿಸ್ಟರ್ ಎಲ್’ ಎಂದು ಕರೆದು ಪಾರಾಗುತ್ತಾರೆ! ನಮಗೆ ಮಾತ್ರ ಆ ಹೆಸರು ಉದ್ದ ಅನ್ನಿಸುವುದೇ ಇಲ್ಲ. ಲಕ್ಷ್ಮೀ, ನರಸಿಂಹ, ಮೂರ್ತಿ ಎಂಬ ಮೂರು ತುಂಡುಗಳೂ ನಮಗೆ ಹಳೆಯ ಪರಿಚಯ. ಎಲ್ಲಿ ಬಿಡಿಸಬೇಕು ಎಂಬುದು ಗೊತ್ತಿರುವುದರಿಂದ ಓದುವುದು ಸುಲಭ.

ಆದರೆ ಫಾರ್ಮಸಿಯ ಕೌಂಟರಿನ ಮುಂದೆ ನಿಂತಾಗ ಪಾತ್ರಗಳು ಅದಲು ಬದಲಾಗುತ್ತವೆ. ‘ಹೈಡ್ರೋಕ್ಲೋರೋಥಯಝೈಡ್’ ಎಂದು ಬರೆದಿದ್ದರೆ ಈಗ ತಡವರಿಸುವ ಸರದಿ ನಮ್ಮದು. ‘ಬಿ.ಪಿ.ಗೆ ಕೊಡುವ ಆ ಸಣ್ಣ ಬಿಳಿ ಮಾತ್ರೆ’ ಎಂದು ಹೇಳಿ ನಾವೂ ಪಾರಾಗಲು ನೋಡುತ್ತೇವೆ. ಊರಿನಿಂದ ಆರು ತಿಂಗಳಿಗೆಂದು ಬರುವ ಅಪ್ಪ-ಅಮ್ಮಂದಿರ ಸೂಟ್‌ಕೇಸಿನಲ್ಲಿ ಚಟ್ನಿಪುಡಿಯ ಪಕ್ಕದಲ್ಲೇ ಒಂದು ಚೀಲ ಮಾತ್ರೆಗಳಿರುತ್ತವೆ. ಅವುಗಳ ಹೆಸರು ಹೇಳಬೇಕಾದ ದಿನ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಬಿಳಿ ಮಾತ್ರೆ ಎಂದರೆ ಯಾವ ಫಾರ್ಮಸಿಸ್ಟ್‌ಗೂ ಏನೂ ತಿಳಿಯದು.

ಈ ಹೆಸರುಗಳನ್ನು ಬಿಡಿಸಿ ಓದಲು ಬೇಕಾದ ಸಲಕರಣೆಗಳಲ್ಲಿ ಅರ್ಧದಷ್ಟನ್ನು ನಾವು ಹೈಸ್ಕೂಲಿನ ಕನ್ನಡ ತರಗತಿಯಲ್ಲೇ ಕಲಿತಿದ್ದೇವೆ. ಸಂಧಿ, ಸಮಾಸ, ಪ್ರಸ್ತಾರ ಎಂದು ಮೇಷ್ಟ್ರು ಬೋರ್ಡಿನ ಮೇಲೆ ಬರೆಸುತ್ತಿದ್ದಾಗ ‘ಇದರಿಂದ ಏನುಪಯೋಗ?’ ಎಂದುಕೊಂಡವರೆಲ್ಲ ಈಗ ಕೇಳಿ.

ಹೆಸರನ್ನು ಕತ್ತರಿಸುವ ಬಗೆ ಎರಡು. ಅರ್ಥಕ್ಕಾಗಿ ಕತ್ತರಿಸುವುದು ಒಂದು, ಉಚ್ಚಾರಣೆಗಾಗಿ ಕತ್ತರಿಸುವುದು ಇನ್ನೊಂದು. ಎರಡೂ ಒಂದೇ ಜಾಗದಲ್ಲಿ ಬೀಳುವುದಿಲ್ಲ. ನಮ್ಮ ಕಾವ್ಯದಲ್ಲೂ ಹೀಗೆಯೇ ಅಲ್ಲವೇ? ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕುವಾಗ ಮೂರು ಮಾತ್ರೆ, ನಾಲ್ಕು ಮಾತ್ರೆ ಎಂದು ಗೆರೆ ಎಳೆದರೆ, ಆ ಗೆರೆ ಎಷ್ಟೋ ಸಲ ಒಂದು ಪದದ ನಡುವೆಯೇ ಹಾದುಹೋಗುತ್ತದೆ. ಗಣ ವಿಭಾಗ ಬೇರೆ, ಪದ ವಿಭಾಗ ಬೇರೆ. ಗಮಕಿಗಳು ರಾಗವಾಗಿ ಓದುವಾಗ ಎರಡನ್ನೂ ತೂಗಿಸಿಕೊಂಡು ಹೋಗುತ್ತಾರೆ. ಛಂದಸ್ಸಿನ ಮಾತ್ರೆಗೆ ಇರುವ ಈ ನಿಯಮ ಔಷಧಿಯ ಮಾತ್ರೆಗೂ ಇದೆ!

ಒಂದೇ ಮಾತ್ರೆ, ನಾಲ್ಕು ಹೆಸರು

ಮೊದಲು ಅರ್ಥದ ಕತ್ತರಿ. ಎಲ್ಲರ ಮನೆಯಲ್ಲೂ ಇರುವ ಜ್ವರದ ಮಾತ್ರೆಯನ್ನೇ ತೆಗೆದುಕೊಳ್ಳೋಣ. ಊರಿನಲ್ಲಿ ಅದು ಪ್ಯಾರಾಸಿಟಮಾಲ್. ಇಲ್ಲಿ ಅದೇ ವಸ್ತುವಿಗೆ ಅಸಿಟಾಮಿನೋಫೆನ್ ಎಂದು ಹೆಸರು. ಕೇಳಲು ಒಂದಕ್ಕೊಂದು ಸಂಬಂಧವೇ ಇಲ್ಲದಂತಿವೆ. ಆದರೆ ಈ ವಸ್ತುವಿನ ರಾಸಾಯನಿಕ ಹೆಸರು ಪ್ಯಾರಾ-ಅಸಿಟೈಲ್-ಅಮೈನೋ-ಫೀನಾಲ್. ಫೀನಾಲ್ ಎಂಬುದು ಮೂಲ ವಸ್ತು. ಅಮೈನೋ ಎಂದರೆ ಅದಕ್ಕೆ ಅಂಟಿದ ಸಾರಜನಕದ ಗುಂಪು. ಅಸಿಟೈಲ್ ಎಂಬುದು ವಿನೆಗರ್‌ನ ಆಮ್ಲದಿಂದ ಬರುವ ತುಣುಕು. ಪ್ಯಾರಾ ಎಂದರೆ ಆ ಗುಂಪು ಉಂಗುರದ ಎದುರು ತುದಿಯಲ್ಲಿದೆ ಎಂದು ಸೂಚನೆ.

ಈ ಉದ್ದನೆಯ ಸಮಾಸದಿಂದ ಬ್ರಿಟಿಷರು ‘ಪ್ಯಾರಾ’, ‘ಅಸಿಟ್’, ‘ಅಮ್’, ‘ಆಲ್’ ಎಂಬ ತುಂಡುಗಳನ್ನು ಆರಿಸಿಕೊಂಡರು, ಪ್ಯಾರಾಸಿಟಮಾಲ್ ಆಯಿತು. ಅಮೆರಿಕನ್ನರು ತಲೆ ಬಾಲ ಎರಡನ್ನೂ ಬಿಟ್ಟು ‘ಅಸಿಟ್’, ‘ಅಮಿನೋ’, ‘ಫೆನ್’ ಇಟ್ಟುಕೊಂಡರು, ಅಸಿಟಾಮಿನೋಫೆನ್ ಆಯಿತು. 1955ರಲ್ಲಿ ಮಾರುಕಟ್ಟೆಗೆ ಬಂದ ಟೈಲೆನಾಲ್ ಎಂಬ ಹೆಸರೂ ಅದೇ ಸಮಾಸದೊಳಗೇ ಇದೆ: ಅಸಿಟೈಲ್‌ನ ‘ಟೈಲ್’, ಫೀನಾಲ್‌ನ ‘ಎನಾಲ್’. ಇನ್ನು ಡಾಕ್ಟರುಗಳು ಚೀಟಿಯಲ್ಲಿ ಬರೆಯುವ ‘ಎ-ಪಿ-ಎ-ಪಿ’ ಎಂಬ ನಾಲ್ಕಕ್ಷರವೂ ಇದೇ. ಊರಿನ ಶಾಮಣ್ಣ ಆಫೀಸಿನಲ್ಲಿ ಶ್ಯಾಮಸುಂದರ ರಾವ್ ಆಗಿ, ಎಡಿಸನ್‌ಗೆ ಬಂದ ಮೇಲೆ ‘ಸ್ಯಾಮ್’ ಆದ ಹಾಗೆ!

ಇದು ಬರೀ ಪದಗಳ ಆಟವಲ್ಲ. ಲೆಕ್ಕ ಹಾಕಿ ನೋಡಿ. ತಂದೆಯವರಿಗೆ ಜ್ವರ. ಬೆಂಗಳೂರಿನ ಕಂಪನಿಯದೇ ಆದ, ನಮಗೆಲ್ಲ ಚಿರಪರಿಚಿತವಾದ ಡೋಲೋ 650 ಮಾತ್ರೆಯನ್ನು ಅವರು ದಿನಕ್ಕೆ ನಾಲ್ಕು ಸಲ ತೆಗೆದುಕೊಳ್ಳುತ್ತಾರೆ. ಅಲ್ಲಿಗೆ 2600 ಮಿಲಿಗ್ರಾಂ. ಮೈಕೈ ನೋವು ಇನ್ನೂ ಹೋಗಿಲ್ಲವೆಂದು ಮಗ 500 ಮಿಲಿಗ್ರಾಮಿನ ಟೈಲೆನಾಲ್ ಎರಡೆರಡರಂತೆ ಮೂರು ಹೊತ್ತು ಕೊಡುತ್ತಾನೆ. ಅದು 3000. ಒಟ್ಟು 5600 ಮಿಲಿಗ್ರಾಂ. ಆರೋಗ್ಯವಂತ ವಯಸ್ಕರಿಗೆ ಎಲ್ಲ ಮೂಲಗಳಿಂದ ಸೇರಿ ಒಂದು ದಿನದ ಗರಿಷ್ಠ ಮಿತಿ 4000. ರಾತ್ರಿ ಶೀತಕ್ಕೆಂದು ಕುಡಿಯುವ ನೈಕ್ವಿಲ್‌ನಲ್ಲೂ ಇದೇ ವಸ್ತು ಇದೆ. ಮಿತಿ ಮೀರಿದರೆ ಪೆಟ್ಟು ಬೀಳುವುದು ಪಿತ್ತಜನಕಾಂಗಕ್ಕೆ, ಅದೂ ಮೊದಲ ದಿನ ಯಾವ ಸೂಚನೆಯನ್ನೂ ಕೊಡದೆ. ತಂದೆ ಮಗ ಇಬ್ಬರೂ ತಾವು ಎರಡು ಬೇರೆ ಬೇರೆ ಔಷಧಿ ಉಪಯೋಗಿಸುತ್ತಿದ್ದೇವೆ ಎಂದೇ ನಂಬಿರುತ್ತಾರೆ. ಹೆಸರನ್ನು ಬಿಡಿಸಿ ನೋಡಿದ್ದರೆ ಎರಡರಲ್ಲೂ ‘ಅಸಿಟ್’ ಕಾಣುತ್ತಿತ್ತು.

ಸಕ್ಕರೆ ಕಾಯಿಲೆಯವರಿಗೂ ಇಂಥದೇ ಅಪಾಯವಿದೆ. ಊರಿನ ಗ್ಲಿಬೆನ್‌ಕ್ಲಮೈಡ್ ಇಲ್ಲಿ ಗ್ಲೈಬ್ಯುರೈಡ್. ಎರಡನ್ನೂ ಒಟ್ಟಿಗೆ ನುಂಗಿದರೆ ಸಕ್ಕರೆ ಅಂಶ ಅಪಾಯದ ಮಟ್ಟಕ್ಕೆ ಇಳಿಯಬಹುದು. ಉಬ್ಬಸದ ಸಾಲ್ಬುಟಮಾಲ್ ಇಲ್ಲಿ ಆಲ್ಬ್ಯುಟೆರಾಲ್. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇಲ್ಲಿ ರಿಫಾಂಪಿನ್. ಇಂಥ ಜೋಡಿಗಳು ಕೆಲವೇ ಇವೆ. ವಿಶ್ವ ಆರೋಗ್ಯ ಸಂಸ್ಥೆ ಔಷಧಿಗಳ ಅಂತರರಾಷ್ಟ್ರೀಯ ಹೆಸರುಗಳ ಮೊದಲ ಪಟ್ಟಿಯನ್ನು ಹೊರತಂದದ್ದು 1953ರಲ್ಲಿ. ಅಮೆರಿಕದ ಹೆಸರಿಡುವ ಮಂಡಳಿ ಶುರುವಾದದ್ದು 1961ರಲ್ಲಿ. ಹೊಸ ಔಷಧಿಗಳಿಗೆ ಬಹುಪಾಲು ಎರಡು ಕಡೆಯೂ ಒಂದೇ ಹೆಸರು. ತೊಂದರೆಯೆಲ್ಲ ಹಳೆಯವುಗಳದ್ದು.

ಪ್ಯಾರಾ, ಅಸಿಟ್ ಎರಡೂ ಸೇರಿ ‘ಪ್ಯಾರಾಸಿಟ್’ ಆಯಿತಲ್ಲ, ಅದು ನಮ್ಮ ಸವರ್ಣದೀರ್ಘ ಸಂಧಿಯೇ ಎಂದರೆ ವೈಯಾಕರಣಿಗಳು ನಗಬಹುದು. ಆದರೆ ಲೋಪಸಂಧಿಯಂತೂ ರಸಾಯನಶಾಸ್ತ್ರದಲ್ಲಿ ನಿಯಮವಾಗಿಯೇ ಇದೆ. ಊರು, ಅಲ್ಲಿ ಸೇರಿ ಊರಲ್ಲಿ ಆಗುವಾಗ ಉಕಾರ ಬಿದ್ದುಹೋಗುತ್ತದೆ. ಹಾಗೆಯೇ ಇಂಗ್ಲಿಷಿನಲ್ಲಿ ಎಥೇನ್ ಪದದ ಕೊನೆಗೆ ಬರೆಯುವ ‘ಇ’ ಅಕ್ಷರ, ಮುಂದೆ ‘ಆಲ್’ ಬಂದರೆ ಬಿದ್ದು ಎಥನಾಲ್ ಆಗುತ್ತದೆ. ಮುಂದೆ ಸ್ವರದ ಬದಲು ವ್ಯಂಜನ ಬಂದರೆ ಲೋಪವಿಲ್ಲ. ಚಳಿಗಾಲದಲ್ಲಿ ಕಾರಿನ ರೇಡಿಯೇಟರಿಗೆ ಹಾಕುವ ದ್ರವದಲ್ಲಿರುವ ಎಥೇನ್‌ಡೈಆಲ್‌ನಲ್ಲಿ ಆ ‘ಇ’ ಹಾಗೆಯೇ ಉಳಿದಿದೆ. ಮುಂದೆ ಬಂದದ್ದು ‘ಡೈ’ ತಾನೆ!

ಮಕ್ಕಳಿಗೆ ಹೇಳಿಕೊಡುವಾಗ ಸಂಖ್ಯೆಗಳಿಂದ ಶುರು ಮಾಡಿದರೆ ಅವರಿಗೆ ಖುಷಿಯಾಗುತ್ತದೆ. ಡೈ, ಟ್ರೈ, ಟೆಟ್ರ, ಪೆಂಟ, ಹೆಕ್ಸ, ಹೆಪ್ಟ, ಆಕ್ಟ, ನೋನ, ಡೆಕ. ನಮ್ಮ ದ್ವಿ, ತ್ರಿ, ಚತುರ್, ಪಂಚ, ಷಟ್, ಸಪ್ತ, ಅಷ್ಟ, ನವ, ದಶಗಳ ಬಂಧುಗಳೇ ಇವು. ನ್ಯೂಜೆರ್ಸಿಯ ಪೆಟ್ರೋಲ್ ಬಂಕಿನಲ್ಲಿ 87, 93 ಎಂದು ಬರೆದಿರುವ ಆಕ್ಟೇನ್ ಸಂಖ್ಯೆಯನ್ನು ಅಳೆಯುವುದು 2,2,4-ಟ್ರೈಮೆಥಿಲ್‌ಪೆಂಟೇನ್ ಎಂಬ ವಸ್ತುವನ್ನು 100 ಎಂದಿಟ್ಟುಕೊಂಡು. ಪೆಂಟೇನ್ ಎಂದರೆ ಐದು ಮನೆಗಳಿರುವ ಬೀದಿ. ಟ್ರೈಮೆಥಿಲ್ ಎಂದರೆ ಮೂವರು ನೆಂಟರು. ಅವರು ಇಳಿದುಕೊಂಡಿರುವುದು 2ನೇ ಮನೆಯಲ್ಲಿ ಇಬ್ಬರು, 4ನೇ ಮನೆಯಲ್ಲಿ ಒಬ್ಬರು. ಇಷ್ಟೇ ವಿಷಯ! ಅಂದಹಾಗೆ ನಾವು ಓದಿದ ಪುಸ್ತಕಗಳಲ್ಲಿ ಅದು ಮೀಥೈಲ್, ಈಥೈಲ್. ಇಲ್ಲಿ ಮೆಥಿಲ್, ಎಥಿಲ್. ನಮ್ಮದು ಬ್ರಿಟಿಷ್ ರೂಢಿ, ತಪ್ಪೇನಲ್ಲ, ಮಕ್ಕಳು ನಕ್ಕರೆ ನಗಲಿ.

ಒತ್ತು ಎಲ್ಲಿ ಬೀಳುತ್ತದೆ?

ಈಗ ಎರಡನೆಯ ಕತ್ತರಿ. ಇಲ್ಲಿ ನಮ್ಮ ಮೇಷ್ಟ್ರು ಕಲಿಸಿದ್ದು ಸಾಲುವುದಿಲ್ಲ. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಅದರದರ ಮರ್ಯಾದೆಯಿದೆ. ಲಘುವಾದರೆ ಒಂದು ಮಾತ್ರೆ, ಗುರುವಾದರೆ ಎರಡು. ಯಾವುದನ್ನೂ ನುಂಗುವುದಿಲ್ಲ. ಇಂಗ್ಲಿಷಿನಲ್ಲಿ ಹಾಗಲ್ಲ. ಉದ್ದನೆಯ ಪದದಲ್ಲಿ ಒಂದು ತುಂಡಿಗೆ ಪಟ್ಟ ಕಟ್ಟಿ, ಅದನ್ನು ಎತ್ತಿ, ಎಳೆದು ಹೇಳುತ್ತಾರೆ. ಅಕ್ಕಪಕ್ಕದವು ಸೊರಗಿ ಬರೀ ‘ಅ’ ಎಂಬಂತೆ ಕೇಳಿಸುತ್ತವೆ. ಕೇಳುವವರು ಪದವನ್ನು ಗುರುತಿಸುವುದು ಆ ಒತ್ತಿನ ಮೇಲೆ. ಆದ್ದರಿಂದಲೇ ನಾವು ಒಂದಕ್ಷರವನ್ನೂ ಬಿಡದೆ ‘ಅ-ಸಿ-ಟಾ-ಮಿ-ನೋ-ಫೆನ್’ ಎಂದು ಸಮನಾಗಿ ಹೇಳಿದರೂ ಎದುರಿನವರು ‘ಎಕ್ಸ್‌ಕ್ಯೂಸ್ ಮಿ?’ ಎನ್ನುವುದು. ನಮ್ಮ ಇಂಗ್ಲಿಷ್ ಕೆಟ್ಟದ್ದೆಂದಲ್ಲ, ಅವರು ಕಾಯುತ್ತಿದ್ದ ಒತ್ತು ಬರಲಿಲ್ಲ, ಅಷ್ಟೆ.

ಒತ್ತು ಬೀಳುವ ತುಂಡನ್ನು ಈ ಲೇಖನದಲ್ಲಿ ಉದ್ಧರಣ ಚಿಹ್ನೆಯೊಳಗೆ ಇಡುತ್ತೇನೆ. ಇಲ್ಲಿನವರ ಬಾಯಲ್ಲಿ ಆ ಹೆಸರು ಅ-ಸೀ-ಟ-‘ಮಿ’-ನ-ಫೆನ್. ಗಮನಿಸಿ, ಅರ್ಥದ ಪ್ರಕಾರ ‘ಅಸಿಟ್’ ಒಂದು ತುಂಡು. ಬಾಯಲ್ಲಿ ಅದರ ಟಕಾರ ಮುಂದಿನ ಸ್ವರದೊಡನೆ ಕೂಡಿ ‘ಟ’ ಆಗಿಬಿಟ್ಟಿದೆ. ಊರಲ್ಲಿ ಎನ್ನುವಾಗ ರಕಾರ ಮುಂದಿನ ಅಕಾರವನ್ನು ಏರಿದ ಹಾಗೆ.

ಒತ್ತು ಎಲ್ಲಿ ಬೀಳುತ್ತದೆಂದು ಊಹಿಸಲು ಒಂದು ಒರಟು ಲೆಕ್ಕವಿದೆ. ನಮ್ಮ ಆದಿಪ್ರಾಸಕ್ಕೆ ಮೊದಲಿನಿಂದ ಎರಡನೆಯ ಅಕ್ಷರ ನೋಡುತ್ತೇವೆ. ಇಲ್ಲಿ ಕೊನೆಯಿಂದ ಎಣಿಸಿ. ಬಹುಪಾಲು ಔಷಧಿಗಳ ಹೆಸರಿನಲ್ಲಿ ಒತ್ತು ಕೊನೆಯಿಂದ ಮೂರನೆಯ ತುಂಡಿನ ಮೇಲಿರುತ್ತದೆ, ಇಲ್ಲವಾದರೆ ಎರಡನೆಯದರ ಮೇಲೆ. ಅ-‘ಟೆ’-ನ-ಲಾಲ್. ಅಮ್-‘ಲೋ’-ಡಿ-ಪೀನ್. ಓ-‘ಮೆ’-ಪ್ರ-ಝೋಲ್. ಲೈ-‘ಸಿ’-ನ-ಪ್ರಿಲ್. ಇವೆಲ್ಲ ಮೂರನೆಯದು. ಮೆಟ್-‘ಫಾರ್’-ಮಿನ್, ಟೆಲ್-ಮಿ-‘ಸಾರ್’-ಟನ್, ಅ-ಮಾಕ್-ಸಿ-‘ಸಿ’-ಲಿನ್, ಐ-ಬ್ಯು-‘ಪ್ರೋ’-ಫೆನ್, ಥೈರಾಯ್ಡ್‌ನ ಲೀ-ವ-ಥೈ-‘ರಾಕ್’-ಸೀನ್, ಇವು ಎರಡನೆಯದು. ಆರಂಭದಲ್ಲಿ ನಮ್ಮನ್ನು ಹೆದರಿಸಿದ ಆ ಏಳು ತುಂಡಿನ ಹೆಸರನ್ನೂ ಈಗ ನೋಡಿ: ಹೈ-ಡ್ರ-ಕ್ಲೋ-ರ-‘ಥೈ’-ಅ-ಝೈಡ್. ಕೊನೆಯಿಂದ ಮೂರನೆಯದು. ಮೊದಲ ನಾಲ್ಕನ್ನು ಓಡಿಸಿ, ‘ಥೈ’ ಮೇಲೆ ನಿಂತು, ಇಳಿದುಬಿಡಿ.

ಇನ್ನೆರಡು ಮಾತು. ‘ಪಿ-ಎಚ್’ ಜೋಡಿ ಬಂದರೆ ಪ ಅಲ್ಲ, ತುಟಿ ಕಚ್ಚಿ ಹೇಳುವ ಫ. ‘ಐ-ಎನ್-ಇ’ ಎಂದು ಮುಗಿದರೆ ಔಷಧಿಗಳಲ್ಲಿ ಹೆಚ್ಚಾಗಿ ‘ಈನ್’, ‘ಐನ್’ ಅಲ್ಲ. ಅನುಮಾನ ಬಂದರೆ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಮೆಡ್‌ಲೈನ್‌ಪ್ಲಸ್‌ನಲ್ಲಿ ಒಂದೊಂದು ಔಷಧಿಯ ಹೆಸರಿನ ಕೆಳಗೂ ಅದನ್ನು ಹೇಳುವ ರೀತಿಯನ್ನು ಬಿಡಿಸಿ ಬರೆದಿದ್ದಾರೆ. ಸ್ಟಾಟಿನ್ ಕುಟುಂಬ ಮಾತ್ರ ನಮ್ಮ ಒರಟು ಲೆಕ್ಕಕ್ಕೆ ಸಿಗುವುದಿಲ್ಲ. ಅ-‘ಟಾರ್’-ವ-ಸ್ಟಾ-ಟಿನ್, ರ-‘ಸೂ’-ವ-ಸ್ಟಾ-ಟಿನ್ ಎಂದು ಅವು ಮೊದಲೇ ತಲೆಯೆತ್ತುತ್ತವೆ.

ಒತ್ತು ತಪ್ಪಿದರೆ ಏನು ಮಹಾ ಎನ್ನಬೇಡಿ. ತುರಿಕೆಗೆ ಕೊಡುವ ಹೈ-‘ಡ್ರಾಕ್’-ಸಿ-ಝೀನ್ ಎಂಬುದೊಂದಿದೆ. ರಕ್ತದೊತ್ತಡಕ್ಕೆ ಕೊಡುವ ಹೈ-‘ಡ್ರ್ಯಾ’-ಲ-ಝೀನ್ ಎಂಬುದು ಇನ್ನೊಂದು. ತಲೆ ಒಂದೇ, ಬಾಲ ಒಂದೇ, ತುಂಡುಗಳ ಸಂಖ್ಯೆಯೂ ಒಂದೇ. ಎರಡನ್ನೂ ಬೇರ್ಪಡಿಸುವುದು ನಡುವಿನ ಆ ಒತ್ತಿನ ತುಂಡು. ಫೋನಿನಲ್ಲಿ ಅದನ್ನೇ ನುಂಗಿದರೆ ಏನಾಗಬಹುದು! ಇದು ಪರದೇಶದಿಂದ ಬಂದ ನಮಗೆ ಮಾತ್ರ ಇರುವ ತೊಡಕಲ್ಲ. ಇಲ್ಲಿಯೇ ಹುಟ್ಟಿ ಬೆಳೆದ ನರ್ಸುಗಳೂ ಫಾರ್ಮಸಿಸ್ಟರೂ ಇಂಥ ಜೋಡಿಗಳಲ್ಲಿ ಎಡವಿದ್ದರಿಂದಲೇ 2001ರಲ್ಲಿ ಎಫ್‌ಡಿಎ ಒಂದು ಉಪಾಯ ಹೂಡಿತು. ಹೆಸರಿನಲ್ಲಿ ಬೇರೆಯಾಗಿರುವ ತುಂಡನ್ನು ಮಾತ್ರ ದೊಡ್ಡಕ್ಷರದಲ್ಲಿ ಮುದ್ರಿಸಿ ಎಂದು ಕಂಪನಿಗಳನ್ನು ಕೇಳಿಕೊಂಡಿತು. ಫಾರ್ಮಸಿಯ ಲೇಬಲ್ ಮೇಲೆ ಹೆಸರಿನ ನಡುವೆ ಇದ್ದಕ್ಕಿದ್ದಂತೆ ದೊಡ್ಡಕ್ಷರಗಳು ಕಂಡರೆ ಅಚ್ಚಿನ ದೋಷವೆಂದುಕೊಳ್ಳಬೇಡಿ. ಅಲ್ಲಿ ಕತ್ತರಿಸಿ ಓದಿ ಎಂಬ ಸೂಚನೆ ಅದು.

ನಮ್ಮ ನೆರೆಹೊರೆಯ ಪದಗಳು

ಬಾಲದ ವಿಷಯ ಬಂತು. ಕನ್ನಡದ ವಿಭಕ್ತಿ ಪ್ರತ್ಯಯದಂತೆ ಈ ಬಾಲಗಳು ಔಷಧಿಯ ಕುಲವನ್ನು ಹೇಳುತ್ತವೆ. ‘ಪ್ರಿಲ್’, ‘ಸಾರ್ಟನ್’ ಎಂದರೆ ರಕ್ತದೊತ್ತಡದವು. ‘ಪ್ರಝೋಲ್’ ಎಂದರೆ ಹೊಟ್ಟೆಯ ಆಮ್ಲದ್ದು. ‘ವಸ್ಟಾಟಿನ್’ ಎಂದರೆ ಕೊಲೆಸ್ಟರಾಲ್‌ನದು. ನಾವು ದಿನವೂ ಕಾರಿನಲ್ಲಿ ಹಾದುಹೋಗುವ ಊರುಗಳಲ್ಲೇ ಇವುಗಳಲ್ಲಿ ಕೆಲವು ಹುಟ್ಟಿದವು. ಮೊದಲ ‘ಪ್ರಿಲ್’ ಆದ ಕ್ಯಾಪ್ಟೊಪ್ರಿಲ್ ನ್ಯೂಜೆರ್ಸಿಯ ಪ್ರಿನ್ಸ್‌ಟನ್ ಬಳಿಯ ಸ್ಕ್ವಿಬ್ ಪ್ರಯೋಗಾಲಯದ್ದು. ಬ್ರೆಝಿಲ್‌ನ ಒಂದು ಹಾವಿನ ವಿಷದಿಂದ ಅದರ ಸುಳಿವು ಸಿಕ್ಕಿತು, 1981ರಲ್ಲಿ ಮಂಜೂರಾತಿ ದೊರೆಯಿತು. 1987ರಲ್ಲಿ ಅಮೆರಿಕದಲ್ಲಿ ಮಂಜೂರಾದ ಮೊದಲ ಸ್ಟಾಟಿನ್, ಲೋವಸ್ಟಾಟಿನ್, ರಾವೇಯ ಮರ್ಕ್ ಕಂಪನಿಯದ್ದು.

ಬಾಲ ನೋಡಿ ಮೋಸಹೋಗುವುದೂ ಉಂಟು. ನೈ-‘ಸ್ಟಾ’-ಟಿನ್ ಎಂಬ ಔಷಧಿಗೂ ಕೊಲೆಸ್ಟರಾಲ್‌ಗೂ ಸಂಬಂಧವಿಲ್ಲ, ಅದು ಬಾಯಿಯ, ಚರ್ಮದ ಬೂಷ್ಟಿನ ಸೋಂಕಿಗೆ. ಇದರಲ್ಲಿ ‘ವ’ ಇಲ್ಲ ನೋಡಿ, ಗುರುತು ಅದೇ. ಇದನ್ನು ಬಿಡಿಸಬೇಕಾದದ್ದು ಗ್ರೀಕ್ ಪ್ರಕಾರವಲ್ಲ, ಭೂಪಟದ ಪ್ರಕಾರ: ನ್ಯೂಯಾರ್ಕ್ ಸ್ಟೇಟ್! ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯ ಇಬ್ಬರು ಮಹಿಳಾ ವಿಜ್ಞಾನಿಗಳು, ಎಲಿಝಬೆತ್ ಹೇಝನ್ ಮತ್ತು ರೇಚಲ್ ಬ್ರೌನ್, 1950ರಲ್ಲಿ ಇದನ್ನು ಪ್ರಕಟಿಸಿದರು. ಒಬ್ಬರು ನ್ಯೂಯಾರ್ಕ್ ನಗರದಲ್ಲಿ, ಇನ್ನೊಬ್ಬರು ಆಲ್ಬನಿಯಲ್ಲಿ. ಮಾದರಿಗಳನ್ನು ಗಾಜಿನ ಜಾಡಿಗಳಲ್ಲಿ ಅಂಚೆಯ ಮೂಲಕ ಕಳಿಸಿಕೊಳ್ಳುತ್ತಿದ್ದರು. ಅದರಿಂದ ಬಂದ ಸುಮಾರು 13 ಮಿಲಿಯನ್ ಡಾಲರ್ ರಾಯಲ್ಟಿಯಲ್ಲಿ ಒಂದು ಪೈಸೆಯನ್ನೂ ತಮಗಾಗಿ ಇಟ್ಟುಕೊಳ್ಳದೆ ವಿಜ್ಞಾನದ ಸಂಶೋಧನೆಗೆ ಬಿಟ್ಟುಕೊಟ್ಟರು. ದೇಣಿಗೆಗಾಗಿ ಹೊರಡುವ ಸಂಚಿಕೆಯಲ್ಲಿ ಇವರ ಹೆಸರು ಬರಲೇಬೇಕು.

ಇನ್ನೊಂದು ಹೆಸರು ನಮಗೆ ಇನ್ನೂ ಹತ್ತಿರದ್ದು. ನ್ಯೂಜೆರ್ಸಿ ಗಡಿ ದಾಟಿದ ಕೂಡಲೇ ಸಿಗುವ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲೆ ಪ್ರಯೋಗಾಲಯದಲ್ಲಿ, ಆಂಧ್ರದ ಭೀಮವರಂನಿಂದ ಬಂದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ 1940ರ ದಶಕದಲ್ಲಿ ಆನೆಕಾಲು ರೋಗಕ್ಕೆ ಒಂದು ಔಷಧಿಯನ್ನು ರೂಪಿಸಿತು. ನಮ್ಮ ಕರಾವಳಿಯಲ್ಲೂ ಕಲಬುರಗಿ, ಬೀದರ್ ಕಡೆಯೂ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹಂಚಿದ ‘ಡಿಇಸಿ’ ಮಾತ್ರೆ ಅದೇ. ಡೈ-ಎ-ಥಿಲ್-ಕಾರ್-‘ಬ್ಯಾ’-ಮ-ಝೀನ್. ಮತ್ತೆ ಕೊನೆಯಿಂದ ಮೂರನೆಯದು.

ಮಕ್ಕಳಿಗೆ ಅಭ್ಯಾಸಕ್ಕಾಗಿ ಒಂದು ಆಟ. ಬ್ರೂಕ್ಲಿನ್‌ನಲ್ಲಿ ಬೆಳೆದು, ಕೊಲಂಬಿಯಾದಲ್ಲಿ ರಸಾಯನಶಾಸ್ತ್ರದ ಡಾಕ್ಟರೇಟ್ ಪಡೆದ ಲೇಖಕ ಐಸಾಕ್ ಅಸಿಮೋವ್ 1963ರ ಒಂದು ಪ್ರಬಂಧದಲ್ಲಿ, ಪ್ಯಾರಾಡೈಮೆಥಿಲ್‌ಅಮೀನೋಬೆನ್‌ಝಾಲ್ಡಿಹೈಡ್ ಎಂಬ ಹೆಸರನ್ನು ಐರಿಷ್ ಕುಣಿತದ ಒಂದು ಮಟ್ಟಿಗೆ ಸರಿಯಾಗಿ ಹಾಡಬಹುದು ಎಂದು ತೋರಿಸಿದರು. ಕೇಳಿಸಿಕೊಂಡ ಹೆಂಗಸೊಬ್ಬರು ಅದನ್ನು ಐರ್ಲೆಂಡಿನ ಗೇಲಿಕ್ ಭಾಷೆ ಎಂದೇ ತಿಳಿದರಂತೆ! ನಾವು ಅದಕ್ಕೆ ತಾಳ ಹಾಕಿ ನೋಡೋಣ: ‘ಪ್ಯಾ’-ರ-ಡೈ, ‘ಮೆ’-ಥಿಲ್-ಅ, ‘ಮೀ’-ನೋ-ಬೆನ್, ‘ಝಾಲ್’-ಡಿ-ಹೈಡ್. ಹನ್ನೆರಡು ತುಂಡು, ಮೂರು ಮೂರರಂತೆ ನಾಲ್ಕು ಗುಂಪು. ತಕಿಟ ತಕಿಟ ತಕಿಟ ತಕಿಟ. ಅಚ್ಚ ತಿಶ್ರ ನಡೆ! ಮೃದಂಗವನ್ನೋ ಭರತನಾಟ್ಯವನ್ನೋ ಕಲಿಯುತ್ತಿರುವ ಮಕ್ಕಳು ಇದನ್ನು ಐದು ನಿಮಿಷದಲ್ಲಿ ಹೇಳಿಬಿಡುತ್ತಾರೆ. ದೊಡ್ಡವರು ಎರಡು ದಿನ ತೆಗೆದುಕೊಂಡರೂ ಚಿಂತೆಯಿಲ್ಲ.

ಆಮೇಲೆ ಅದೇ ಮಕ್ಕಳ ಕೈಯಲ್ಲಿ ಅಜ್ಜ-ಅಜ್ಜಿಯ ಔಷಧಿಗಳ ಚೀಟಿ ಬರೆಸಿ. ಬ್ರ್ಯಾಂಡ್ ಹೆಸರು ಬೇಡ, ಅದು ಇಲ್ಲಿ ಯಾರಿಗೂ ತಿಳಿಯುವುದಿಲ್ಲ. ಒಳಗಿರುವ ವಸ್ತುವಿನ ಹೆಸರು ಬೇಕು, ಎಷ್ಟು ಮಿಲಿಗ್ರಾಂ ಎಂಬುದೂ ಬೇಕು. ಮಾತ್ರೆ ಒಂದೇ ಆದರೂ ಒಳಗೆ ಎರಡು ಔಷಧಿಗಳಿದ್ದರೆ ಎರಡನ್ನೂ ಬರೆಯಿರಿ. ಊರಿನಲ್ಲಿ ಬಹಳ ಮಂದಿ ತೆಗೆದುಕೊಳ್ಳುವ ಟೆಲ್ಮಾ-ಎಚ್‌ನಲ್ಲಿ ಟೆಲ್ಮಿಸಾರ್ಟನ್ ಜೊತೆಗೆ ನಮ್ಮ ಏಳು ತುಂಡಿನ ಗೆಳೆಯನೂ ಇದ್ದಾನೆ. ಇಂಗ್ಲಿಷ್ ಹೆಸರಿನ ಕೆಳಗೆ ಕನ್ನಡದಲ್ಲಿ ತುಂಡು ತುಂಡಾಗಿ ಬರೆದು, ಒತ್ತಿನ ತುಂಡಿಗೆ ಅಡಿಗೆರೆ ಎಳೆಯಿರಿ. ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಅಮ್ಮ ಒಬ್ಬರೇ ಫೋನಿನಲ್ಲಿ ಹೇಳಬೇಕಾಗಿ ಬಂದರೂ ಅದನ್ನು ನೋಡಿ ಹೇಳಬಹುದು. ಚೀಟಿಯ ಕೆಳಗೆ 1-800-222-1222 ಎಂದೂ ಬರೆದಿಡಿ. ಯಾವುದಾದರೂ ಔಷಧಿ ಹೆಚ್ಚಾಗಿ ಹೋಯಿತೆಂಬ ಅನುಮಾನ ಬಂದರೆ ಹಗಲು ರಾತ್ರಿ ಸಿಗುವ ವಿಷ ನಿಯಂತ್ರಣ ಕೇಂದ್ರದ ಸಂಖ್ಯೆ ಅದು, ಶುಲ್ಕವಿಲ್ಲ. ಪ್ರಜ್ಞೆ ತಪ್ಪಿದ್ದರೆ ಮಾತ್ರ ಕಾಯದೆ 911.

ಕೊನೆಯದಾಗಿ ಮಾತ್ರೆಯ ಸ್ಟ್ರಿಪ್ಪಿನ ಬಗ್ಗೆ. ನಮ್ಮವರಿಗೆ ಸ್ಟ್ರಿಪ್ಪನ್ನು ಕತ್ತರಿಯಿಂದ ತುಂಡು ಮಾಡಿ ಡಬ್ಬಿಯಲ್ಲಿ ತುಂಬಿಡುವ ಅಭ್ಯಾಸ. ಹೆಸರಿರುವ ತುಂಡು ಮೊದಲು ಖಾಲಿಯಾಗಿ ಕಸಕ್ಕೆ ಹೋಗುತ್ತದೆ, ಉಳಿದವು ಅನಾಮಧೇಯ. ಹೆಸರು, ಪ್ರಮಾಣ, ಮುಗಿಯುವ ತಾರೀಖು ಅಚ್ಚಾಗಿರುವ ತುದಿಯ ಮಾತ್ರೆಯನ್ನು ಕೊನೆಗೆ ನುಂಗಲು ಅವರಿಗೆ ಹೇಳಿ.